ಬ್ಯಾಂಕಾಕ್–ಸಿಂಗಾಪುರ ಟಿಕೆಟ್ ಮಾಡೋರು ಟೈಮ್ ಸರಿಯಾಗಿ ನೋಡ್ಕೊಳ್ಳಿ

ಎರಡೂ ಊರನ್ನ ಒಂದೇ ಟ್ರಿಪ್‌ನಲ್ಲಿ ಮುಗಿಸೋಣ ಅಂತಿರೋರು ದಯವಿಟ್ಟು ಪೂರ್ತಿ ಓದಿ, ನಮಗಾಗಿದ್ದು ಇನ್ನೊಬ್ರಿಗೆ ಆಗೋದು ಬೇಡ.

ನಾನು, ನನ್ನ ಹೆಂಡ್ತಿ, ಅಮ್ಮ. ಬೆಂಗಳೂರು–ಸಿಂಗಾಪುರ ಹೋಗಿ ಬರೋ ಟಿಕೆಟ್ ಮೊದಲೇ ಆಗಿತ್ತು, ನಡುವೆ ನಾಲ್ಕು ದಿನ ಬ್ಯಾಂಕಾಕ್ ಅಂತ ಅದಕ್ಕೆ ಬೇರೆ ಟಿಕೆಟ್ ಮಾಡ್ದೆ. ದೂರ ತೋರಿಸೋ ಒಂದು ವೆಬ್‌ಸೈಟ್‌ನಲ್ಲಿ ಸುಮಾರು 1,400 ಕಿ.ಮೀ., ಒಂದೂಮುಕ್ಕಾಲು ಗಂಟೆ ಅಂತಿತ್ತು. ವಾಪಸ್ ಬರೋ ದಿನ ಬ್ಯಾಂಕಾಕ್ ಬಿಡೋದು ಸಂಜೆ 4ಕ್ಕೆ, ಬೆಂಗಳೂರು ವಿಮಾನ ರಾತ್ರಿ 8:30ಕ್ಕೆ, ಬೇಕಾದಷ್ಟು ಟೈಮಿದೆ ಅಂದ್ಕೊಂಡು ರೇಟ್ ನೋಡಿ ಬುಕ್ ಮಾಡ್ಬಿಟ್ಟೆ, ತಲುಪೋ ಟೈಮ್ ಟಿಕೆಟ್‌ನಲ್ಲೇ ಇತ್ತು, ಕಣ್ಣೇ ಹಾಯಿಸ್ಲಿಲ್ಲ.

ಹೋಗೋವಾಗ 10ಕ್ಕೆ ಸಿಂಗಾಪುರ ಬಿಟ್ವಿ, ಬ್ಯಾಂಕಾಕ್‌ನಲ್ಲಿ ಇಳಿದು ಫೋನ್ ಆನ್ ಮಾಡಿದ್ರೆ 11:25. ವೆಬ್‌ಸೈಟ್ ಹೇಳಿದ್ದಕ್ಕಿಂತ ಬೇಗ್ನೇ ಬಂದ್ವಲ್ಲ ಅಂತ ಇನ್ನೂ ನಿಶ್ಚಿಂತೆ ಆಯ್ತು. ಫೋನ್ ತಾನಾಗೇ ಒಂದು ಗಂಟೆ ಹಿಂದೆ ಹೋಗಿರೋದು ಹೊಳೀಲೇ ಇಲ್ಲ!

ಬರೋವಾಗ 4ಕ್ಕೆ ಹೊರಟಿದ್ದು ಇಳಿದಾಗ ಸಿಂಗಾಪುರದ ಟೈಮ್ 7:25. ಬೆಂಗಳೂರು ಕೌಂಟರ್ ಕ್ಲೋಸ್ ಆಗೋದು ಒಂದು ಗಂಟೆ ಮುಂಚೆ, ಅಂದ್ರೆ 7:30ಕ್ಕೆ. ಬೇರೆ ಬೇರೆ ಟಿಕೆಟ್ ಆಗಿದ್ರಿಂದ ಲಗೇಜ್ ನಾವೇ ತಗೊಂಡು ಮತ್ತೆ ಚೆಕ್ ಇನ್ ಮಾಡ್ಬೇಕು, ಇಮಿಗ್ರೇಷನ್ ಮುಗಿಸಿ ಅಮ್ಮನ ಕೆಂಪು ಸೂಟ್‌ಕೇಸ್ ಬೆಲ್ಟ್ ಮೇಲೆ ಬರೋಷ್ಟರಲ್ಲಿ 8:05. ಕೌಂಟರ್‌ನಲ್ಲಿ ಲೈಟ್ ಆರಿಸಿದ್ರು. ಕೇಳಿದ್ರೆ, ಎರಡು ಬೇರೆ ಟಿಕೆಟ್, ನಾವೇನೂ ಮಾಡೋಕಾಗಲ್ಲ ಅಂದ್ರು. ಮಂಡಿ ನೋವಿರೋ ಅಮ್ಮ ರಾತ್ರಿಯೆಲ್ಲ ಕುರ್ಚಿ ಮೇಲೆ, ಕಾಲು ಸೂಟ್‌ಕೇಸ್ ಮೇಲಿಟ್ಕೊಂಡು ಕೂತಿದ್ರು, ಒಂದು ಮಾತೂ ಬೈಲಿಲ್ಲ, ನನಗೆ ಅದೇ ಜಾಸ್ತಿ ಸಂಕಟ ಆಯ್ತು. ಬೆಳಿಗ್ಗೆ ಮೂರು ಹೊಸ ಟಿಕೆಟ್‌ಗೆ 60 ಸಾವಿರದ ಹತ್ತಿರ ಹೋಯ್ತು.

ಮ್ಯಾಪ್‌ನಲ್ಲಿ ನೋಡಿದ್ರೆ ಸಿಂಗಾಪುರ ಹೆಚ್ಚುಕಮ್ಮಿ ಬ್ಯಾಂಕಾಕ್ ಕೆಳಗೇ ಇದೆ, ಟೈಮ್ ಬೇರೆ ಇರುತ್ತೆ ಅಂತ ಯಾರಿಗೂ ಅನ್ಸಲ್ಲ. 1982ರಲ್ಲಿ ಮಲೇಷ್ಯಾ ಗಡಿಯಾರ ಅರ್ಧ ಗಂಟೆ ಮುಂದಿಟ್ಟಾಗ ಸಿಂಗಾಪುರವೂ ಜೊತೆಗೆ ಇಟ್ಕೊಂಡಿದ್ದು, ಅದಕ್ಕೇ ಥಾಯ್ಲೆಂಡ್‌ಗಿಂತ ಒಂದು ಗಂಟೆ ಮುಂದೆ. ಇನ್ನು ಆ ವೆಬ್‌ಸೈಟ್ ಲೆಕ್ಕ ಅಂದ್ರೆ ಕಿಲೋಮೀಟರ್‌ನ ಫುಲ್ ಸ್ಪೀಡ್‌ನಿಂದ ಭಾಗಿಸೋದಷ್ಟೇ, ರನ್‌ವೇಗೆ ಹೋಗೋದು, ಮೇಲೇರೋದು, ಇಳಿಯೋಕೆ ಕಾಯೋದು ಯಾವ್ದೂ ಸೇರಲ್ಲ. ನಿಜಕ್ಕೂ ಎರಡೂಕಾಲು, ಎರಡೂವರೆ ಗಂಟೆ ಬೇಕೇ ಬೇಕು.

ಈಗ ನಾನು ಎಲ್ಲಾನೂ ನಮ್ಮ ಟೈಮ್‌ಗೆ ತಂದು ನೋಡ್ತೀನಿ. ಬ್ಯಾಂಕಾಕ್ ನಮಗಿಂತ ಒಂದೂವರೆ ಗಂಟೆ ಮುಂದೆ, ಸಿಂಗಾಪುರ ಎರಡೂವರೆ. ಬ್ಯಾಂಕಾಕ್‌ನ 4 ಅಂದ್ರೆ ನಮ್ಮ 2:30, ಸಿಂಗಾಪುರದ 7:25 ಅಂದ್ರೆ ನಮ್ಮ 4:55. ಕೌಲಾಲಂಪುರ, ಬಾಲಿ, ಮನಿಲಾ ಸಿಂಗಾಪುರದ ಟೈಮೇ, ಜಕಾರ್ತಾ, ಹನೋಯ್ ಬ್ಯಾಂಕಾಕ್ ಟೈಮ್. ಜಕಾರ್ತಾದಿಂದ ಬಾಲಿಗೆ ಹೋಗೋರೂ ಹುಷಾರು, ಒಂದೇ ದೇಶ ಆದ್ರೂ ಒಂದು ಗಂಟೆ ಫರಕ್ಕಿದೆ.

ಈ ಕಡೆ ಯಾರಾದ್ರೂ ಟಿಕೆಟ್ ಮಾಡಿದ್ರೆ ಬಿಡೋ ಟೈಮ್, ತಲುಪೋ ಟೈಮ್ ಕೆಳಗೆ ಹಾಕಿ, ನಾನೇ ಲೆಕ್ಕ ನೋಡಿ ಹೇಳ್ತೀನಿ.