ಕರಾವಳಿಯ ಮೂರು ಚಿತ್ರ: ಯಾವುದು ಗೆದ್ದಿತು, ಯಾವುದು ಎಲ್ಲಿ ಜಾರಿತು

2025ರಲ್ಲಿ ಕನ್ನಡದಲ್ಲಿ ಹೆಚ್ಚು ಚರ್ಚೆಯಾದ ಎರಡು ಚಿತ್ರಗಳೂ, ಚರ್ಚೆಯಾಗಬೇಕಿದ್ದ ಇನ್ನೊಂದೂ ಕರಾವಳಿಯವೇ. ಮಾರ್ಚ್ 7ಕ್ಕೆ 'ಮಿಥ್ಯ', ಜುಲೈ 25ಕ್ಕೆ 'ಸು ಫ್ರಮ್ ಸೋ', ಅಕ್ಟೋಬರ್ 2ಕ್ಕೆ 'ಕಾಂತಾರ: ಅಧ್ಯಾಯ 1'. ಖರ್ಚಿನಲ್ಲಿ ಇವು ಒಂದರ ಪಕ್ಕ ಒಂದು ನಿಲ್ಲುವಂಥವಲ್ಲ. ಆದರೆ ಪ್ರೇಕ್ಷಕನಿಗೆ ತಾನಾಗಿಯೇ ಅರ್ಥವಾಗುತ್ತದೆ ಎಂದು ನಿರ್ದೇಶಕ ಎಷ್ಟು ನಂಬಿದ್ದಾನೆ ಎಂಬ ಒಂದೇ ಅಳತೆಗೆ ಮೂರನ್ನೂ ಹಿಡಿಯಬಹುದು.

'ಸು ಫ್ರಮ್ ಸೋ' ಕಥೆ ಪುಟ್ಟದು. ಬಚ್ಚಲುಮನೆಗೆ ಇಣುಕಲು ಹೋಗಿ ಸಿಕ್ಕಿಬಿದ್ದ ಅಶೋಕ, ಪಾರಾಗಲು ಮೈಮೇಲೆ ಏನೋ ಬಂದವನಂತೆ ಆಡುತ್ತಾನೆ. ಬಂದಿರುವುದು ಸೋಮೇಶ್ವರದ ಸುಲೋಚನಾ ಎಂದು ಊರು ತೀರ್ಮಾನಿಸುತ್ತದೆ. ಚಿತ್ರಕಥೆಯ ಜಾಣತನ ಇರುವುದು ಇಲ್ಲಿಂದ ಮುಂದೆ. ಸುಳ್ಳು ಶುರುವಾದದ್ದು ಅಶೋಕನಿಂದ, ಬೆಳೆಸುವವರು ಊರಿನವರು. ಒಬ್ಬೊಬ್ಬರೂ ತಮಗೆ ಗೊತ್ತಿದ್ದಷ್ಟು ಸೇರಿಸುತ್ತಾರೆ, ಅವನು ನಿಜ ಹೇಳುವ ದಾರಿ ತಾನಾಗಿ ಮುಚ್ಚುತ್ತಾ ಹೋಗುತ್ತದೆ. ಹಾಗಾಗಿ ನಗು ಒಬ್ಬ ಕಾಮಿಡಿ ನಟನ ಪಂಚ್ ಡೈಲಾಗಿನಿಂದ ಹುಟ್ಟುವುದಿಲ್ಲ, ಗುಂಪಿನಿಂದ ಹುಟ್ಟುತ್ತದೆ. ಒಬ್ಬ ಮಾತಾಡುವಾಗ ಹಿಂದೆ ನಿಂತ ಮೂವರ ಮುಖ ನೋಡಿ, ಅರ್ಧ ತಮಾಷೆ ಅಲ್ಲಿದೆ.

ನಿರ್ದೇಶಕ ಜೆ.ಪಿ. ತುಮಿನಾಡ್ ಅವರೇ ಅಶೋಕನ ಪಾತ್ರ ಮಾಡಿದ್ದಾರೆ. ಅವರೂ ದೀಪಕ್ ರೈ ಪಾಣಾಜೆ ಮೊದಲಾದವರೂ ತುಳು ರಂಗಭೂಮಿಯಲ್ಲಿ ಪಳಗಿದವರು. ನಾಟಕದವರು ಸಿನಿಮಾಕ್ಕೆ ಬಂದಾಗ ಕೊನೆಯ ಸಾಲಿನವನಿಗೂ ಕೇಳುವಂತೆ ಕೂಗುವುದು ಮಾಮೂಲಿ ತೊಂದರೆ. ಇಲ್ಲಿ ಆ ಕೂಗು ಕಡಿಮೆ, ಟೈಮಿಂಗ್ ಮಾತ್ರ ಉಳಿದಿದೆ. ಶನೀಲ್ ಗೌತಮ್ ಅವರ ರವಿಯಣ್ಣನಂತೂ ಒಂದು ಕ್ಷಣವೂ ನಗಿಸಲು ಹೊರಡುವುದಿಲ್ಲ. ಊರಿನ ದೊಡ್ಡಸ್ತಿಕೆಯನ್ನು ಗಂಭೀರವಾಗಿ ಹೊತ್ತುಕೊಂಡೇ ಇರುತ್ತಾನೆ, ಅದಕ್ಕೇ ನಗು ಬರುತ್ತದೆ.

ಸಡಿಲವಾದ ಕಡೆಗಳೂ ಇವೆ. ರಾಜ್ ಬಿ. ಶೆಟ್ಟಿ ಅವರ ಗುರೂಜಿ ಬಂದ ಗಳಿಗೆಗೆ ಥಿಯೇಟರ್ ಎದ್ದು ಕೂರುತ್ತದೆ ನಿಜ, ಆದರೆ ಆ ಭಾಗ ಅಗತ್ಯಕ್ಕಿಂತ ಉದ್ದ. ನಿರ್ಮಾಪಕರೇ ನಟರಾದಾಗ ಕತ್ತರಿ ಸ್ವಲ್ಪ ಮೆತ್ತಗಾಗುತ್ತದೋ ಏನೋ. ಸುಲೋಚನಾಳ ಮಗಳು ಭಾನು (ಸಂಧ್ಯಾ ಅರಕೆರೆ) ಬಂದ ಮೇಲೆ ಚಿತ್ರ ದಿಕ್ಕು ಬದಲಿಸುತ್ತದೆ. ಭೂತದ ಸುಳ್ಳಿನ ಹಿಂದೆ ಬದುಕಿ ಹೋದ ಒಬ್ಬ ಹೆಂಗಸಿದ್ದಳು ಎಂಬ ನೆನಪು ಊರಿಗೂ ನಮಗೂ ಒಟ್ಟಿಗೆ ಬರುವುದು ಬರವಣಿಗೆಯ ಗೆಲುವು. ಆದರೆ ಎಲ್ಲಕ್ಕೂ ಮೂಲವಾದ ಆ ಇಣುಕುವಿಕೆಯನ್ನು ಚಿತ್ರ ತೀರಾ ಹಗುರವಾಗಿ ದಾಟಿಬಿಡುತ್ತದೆ. ಹೆಣ್ಣಿನ ಪರವಾಗಿ ಇಷ್ಟು ನಿಲ್ಲುವ ಚಿತ್ರ ಆ ಸಾಲವನ್ನೂ ತೀರಿಸಬೇಕಿತ್ತು. ತುಂಬಿದ ಥಿಯೇಟರಿನಲ್ಲಿ ಒಂದು ನಗು ಮುಂದಿನ ಮಾತನ್ನು ನುಂಗುತ್ತಿತ್ತು. ಈಗ ಜಿಯೋಹಾಟ್‌ಸ್ಟಾರ್‌ನಲ್ಲಿ ಆ ನುಂಗಿಹೋದ ಸಾಲುಗಳು ಕೇಳುತ್ತವೆ, ಆದರೆ ಜೊತೆಗೆ ನಾಲ್ಕು ಜನ ಇರಲಿ. ಒಬ್ಬರೇ ಕೂತು ನೋಡಿದರೆ ಮೊದಲರ್ಧ ಅರ್ಧದಷ್ಟೇ ಕೆಲಸ ಮಾಡುತ್ತದೆ.

ರವಿಯಣ್ಣನಾಗಿ ನಟಿಸಿದ ಶನೀಲ್ ಗೌತಮ್ 'ಕಾಂತಾರ'ದ ಬರಹಗಾರರಲ್ಲಿ ಒಬ್ಬರು. ಆದರೂ 'ಅಧ್ಯಾಯ 1'ರಲ್ಲಿ ಹೆಚ್ಚು ಸೊರಗಿರುವುದು ಹಾಸ್ಯವೇ. ನಾಯಕ ಬೆರ್ಮೆಯ (ರಿಷಬ್ ಶೆಟ್ಟಿ) ಗೆಳೆಯರ ತಮಾಷೆ ಕದಂಬರ ಕಾಲದ ಕಥೆಗೆ ಅಂಟುವುದಿಲ್ಲ. ಅರಸುಮನೆಯ ಗಾಂಭೀರ್ಯ ಕಟ್ಟಿ ನಿಲ್ಲಿಸಿದ ಮರುಗಳಿಗೆಯಲ್ಲೇ ಇವತ್ತಿನ ಹುಡುಗರ ಹರಟೆ ಬಂದು ಅದನ್ನು ಇಳಿಸಿಬಿಡುತ್ತದೆ. ಎರಡನೆಯ ತೊಂದರೆ ಇನ್ನೂ ಆಳದ್ದು. 2022ರ ಮೊದಲ 'ಕಾಂತಾರ'ದಲ್ಲಿ ಜಗಳ ಯಾವುದಕ್ಕೆ ಎಂಬುದು ನಿಚ್ಚಳವಾಗಿತ್ತು: ಭೂಮಿ, ದಾಖಲೆ, ಅರಣ್ಯ ಇಲಾಖೆಯ ಗಡಿಕಲ್ಲು. ಕೊನೆಯ ದೈವಾವೇಶಕ್ಕೆ ಅಷ್ಟು ತೂಕ ಬಂದದ್ದು ಅದರಿಂದ. ಇಲ್ಲಿ ಬಂದರು, ಮಸಾಲೆ ವ್ಯಾಪಾರ, ಬಾಂಗ್ರದ ಅರಸರು, ಕಾಡಿನವರ ಹಕ್ಕು ಎಲ್ಲವೂ ಇವೆ. ಬಂದರಿನ ಲಾಭ ಯಾರದು ಎಂಬ ಒಳ್ಳೆಯ ಪ್ರಶ್ನೆಯನ್ನು ಎತ್ತಿಕೊಂಡ ಚಿತ್ರ ಯುದ್ಧ ಶುರುವಾದೊಡನೆ ಅದನ್ನು ಕೈಬಿಡುತ್ತದೆ. ಒಂದಾದ ಮೇಲೊಂದು ಹೊಡೆದಾಟ ಎದ್ದು, ಮೂರನೆಯದು ಬರುವ ಹೊತ್ತಿಗೆ ಕಿವಿ ದಣಿದಿರುತ್ತದೆ. ಅಜನೀಶ್ ಲೋಕನಾಥ್ ಅವರ ಸಂಗೀತ ಚೆನ್ನಾಗಿಲ್ಲ ಎಂದಲ್ಲ. ಅದಕ್ಕೆ ಮೌನದ ಜಾಗವನ್ನೇ ಕೊಟ್ಟಿಲ್ಲ.

ಹಾಗೆಂದು ಬಿಟ್ಟುಬಿಡುವ ಚಿತ್ರವೂ ಅಲ್ಲ. ರಥದ ದೃಶ್ಯದಲ್ಲಿ ಯಾರು ಎಲ್ಲಿದ್ದಾರೆ, ರಥ ಯಾವ ಕಡೆ ಉರುಳುತ್ತಿದೆ ಎಂಬ ಗೊಂದಲ ಒಮ್ಮೆಯೂ ಆಗುವುದಿಲ್ಲ. ನಮ್ಮ ಆಕ್ಷನ್ ದೃಶ್ಯಗಳಲ್ಲಿ ಇದು ಅಪರೂಪ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ರಾತ್ರಿಯನ್ನು ರಾತ್ರಿಯಾಗಿಯೇ ಬಿಟ್ಟಿದೆ. ಅರಸುಮಗಳು ಕನಕವತಿಯಾಗಿ ರುಕ್ಮಿಣಿ ವಸಂತ್ ಅವರದು ಚಿತ್ರದ ಅತ್ಯುತ್ತಮ ಪಾತ್ರ. ಆದರೆ ಅವಳ ತಿರುವಿಗೆ ಮೊದಲೇ ಬಿತ್ತಬೇಕಿದ್ದ ಬೀಜಗಳು ಸಾಲದೆ, ಅದು ಆಘಾತವಾಗುವ ಬದಲು ಬರೀ ಮಾಹಿತಿಯಾಗುತ್ತದೆ. ಕೊನೆಯಲ್ಲಿ ಗುಳಿಗ ದೈವದಿಂದ ಚಾವುಂಡಿ ದೈವಕ್ಕೆ ದಾಟುವಾಗ ರಿಷಬ್ ಶೆಟ್ಟಿ ಅವರ ಹೆಜ್ಜೆ, ಕತ್ತು, ಉಸಿರು ಮೂರೂ ಬದಲಾಗುವುದನ್ನು ಗಮನಿಸಿ. ಅಲ್ಲಿ ಗ್ರಾಫಿಕ್ಸ್ ಕೂಡ ಹಿಂದೆ ಸರಿಯುತ್ತದೆ.

2 ಗಂಟೆ 48 ನಿಮಿಷದ ಈ ಚಿತ್ರ ಪ್ರೈಮ್ ವಿಡಿಯೋದಲ್ಲಿದೆ. ಟಿವಿಯಲ್ಲಿ ನೋಡುವವರು ಕೋಣೆಯ ದೀಪ ಆರಿಸಲೇಬೇಕು, ಇಲ್ಲದಿದ್ದರೆ ಪಂಜಿನ ಬೆಳಕಿನ ದೃಶ್ಯಗಳಲ್ಲಿ ಕಪ್ಪು ಬಿಟ್ಟು ಬೇರೇನೂ ಕಾಣದು. ಡಬ್ ಆದ ಭಾಷೆಗಳ ಗೋಜಿಗೆ ಹೋಗಬೇಡಿ.

ಸುಮಂತ್ ಭಟ್ ಅವರ 'ಮಿಥ್ಯ' ಬಗ್ಗೆ ಹೇಳಲು ಮಾತು ಕಡಿಮೆ, ಹೇಳಿದಷ್ಟೂ ಹಾಳು. ಅಪ್ಪ ಅಮ್ಮನನ್ನು ಕಳೆದುಕೊಂಡ ಹನ್ನೊಂದರ ಹುಡುಗ ಮುಂಬೈಯಿಂದ ಉಡುಪಿಯ ಕಡೆಗೆ, ಚಿಕ್ಕಮ್ಮ ಚಿಕ್ಕಪ್ಪನ ಮನೆಗೆ ಬರುತ್ತಾನೆ. ಸಾವು ಹೇಗಾಯಿತು ಎಂಬುದನ್ನು ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ದೊಡ್ಡವರ ಅರ್ಧಮರ್ಧ ಮಾತಿನಿಂದ ಹುಡುಗ ಎಷ್ಟು ತಿಳಿಯುತ್ತಾನೋ ನಾವೂ ಅಷ್ಟೇ ತಿಳಿಯುತ್ತೇವೆ. ಆತೀಶ್ ಶೆಟ್ಟಿ ಅಳುವುದಕ್ಕಿಂತ ಅಳದೇ ಇರುವುದನ್ನು ಚೆನ್ನಾಗಿ ನಟಿಸಿದ್ದಾನೆ. ಚಿಕ್ಕಪ್ಪನಾಗಿ ಪ್ರಕಾಶ್ ತುಮಿನಾಡ್, 'ಸು ಫ್ರಮ್ ಸೋ'ದಲ್ಲಿ ನಗಿಸಿದ ಅದೇ ಮನುಷ್ಯ. ಎರಡನ್ನೂ ಬೆನ್ನುಬೆನ್ನಿಗೆ ನೋಡಿದರೆ ನಟನೆಯ ಪಾಠವೇ ಆಗುತ್ತದೆ. ನಡುವೆ ಒಂದಿಷ್ಟು ಹೊತ್ತು ಚಿತ್ರ ನಿಂತಲ್ಲೇ ನಿಲ್ಲುತ್ತದೆ, ಅದನ್ನು ಒಪ್ಪಬೇಕು. ಫೋನ್ ಪಕ್ಕಕ್ಕಿಟ್ಟು ನೋಡುವವರಿಗೆ ಮಾತ್ರ ಇದು.

ದುಡ್ಡಿನ ಮಾತು. ಸೆಪ್ಟೆಂಬರ್ 2025ರಲ್ಲಿ ರಾಜ್ಯ ಸರ್ಕಾರ ಟಿಕೆಟ್‌ಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. 'ಅಧ್ಯಾಯ 1' ಬಂದದ್ದು ಆ ತಡೆಯ ನಂತರ. ದುಬಾರಿ ಟಿಕೆಟ್ ಕೊಟ್ಟು ಇಡೀ ಮನೆಯವರು ಹೋಗಿದ್ದರೆ ರಥದ ದೃಶ್ಯಕ್ಕೆ ಅರ್ಧ, ಕೊನೆಯ ಇಪ್ಪತ್ತು ನಿಮಿಷಕ್ಕೆ ಇನ್ನರ್ಧ ವಸೂಲಿ. 'ಮಿಥ್ಯ'ಕ್ಕೆ ಥಿಯೇಟರಿನಲ್ಲಿ ಹೋದವರಿಗೆ ಸೀಟು ಹುಡುಕುವ ಕಷ್ಟವೇನೂ ಇರಲಿಲ್ಲ.