ಬೆಂಗಳೂರು–ಪುತ್ತೂರು ಮಳೆಗಾಲದ ದಾರಿ: ರಾತ್ರಿ ರೈಲೋ, ಹಗಲು ರೈಲೋ, ಬಸ್ಸೋ?

ಜೂನ್ ತಿಂಗಳು ಬಂತೆಂದರೆ ಬೆಂಗಳೂರಿನಲ್ಲಿರುವ ನಮ್ಮ ಕಡೆಯವರ ಬಾಯಲ್ಲಿ ಒಂದೇ ಮಾತು: ಊರಿಗೆ ರೈಲಿನಲ್ಲಿ ಹೋಗುವುದಾ, ಬಸ್ಸಿನಲ್ಲಾ? ನಾನು ಪುತ್ತೂರಿನವನು. ಸಕಲೇಶಪುರದಿಂದ ಘಾಟಿ ಇಳಿಯುವ ರಾತ್ರಿ ರೈಲು, ಹಗಲು ರೈಲು, ಶಿರಾಡಿ ಘಾಟಿ ರಸ್ತೆಯ ಬಸ್ಸು, ಮಡಿಕೇರಿ–ಸಂಪಾಜೆ ಸುತ್ತಿನ ಬಸ್ಸು, ಎಲ್ಲವನ್ನೂ ಬಿಸಿಲಿನಲ್ಲೂ ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲೂ ಹತ್ತಿ ಇಳಿದವನು. ಕೇಳಿದವರಿಗೆ ನಾನು ಹೇಳುವುದು ಇಷ್ಟು: ಎಷ್ಟು ತಡವಾಗುತ್ತದೆ ಎಂದು ಮಾತ್ರ ಲೆಕ್ಕ ಹಾಕಬೇಡಿ, ತಡವಾದಾಗ ನೀವು ಎಲ್ಲಿ ನಿಂತಿರುತ್ತೀರಿ ಎಂದು ನೋಡಿ. ಒಂದು ಗಂಟೆ ಹಾಸನದಲ್ಲಿ ನಿಂತರೆ ಚಹಾ ಕುಡಿಯಬಹುದು, ಬೇಕಾದರೆ ಇಳಿದು ಬಸ್ಸು ಹಿಡಿಯಬಹುದು. ಅದೇ ಒಂದು ಗಂಟೆ ಘಾಟಿಯ ನಡುವಿನ ಎಡಕುಮೇರಿ ಸ್ಟೇಷನ್ನಿನಲ್ಲಿ ನಿಂತರೆ ಸುತ್ತ ಕಾಡು ಬಿಟ್ಟರೆ ಏನೂ ಇಲ್ಲ, ಮೊಬೈಲಿಗೆ ಸಿಗ್ನಲ್ಲೂ ಇಲ್ಲ.

ಮೊದಲು ಈ ಘಾಟಿಯ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ, ಅಂದರೆ ನಮ್ಮ ನೆಟ್ಟಣದವರೆಗೆ, ಸುಮಾರು 55 ಕಿಲೋಮೀಟರ್. ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವಂಥ ಇಳಿಜಾರು. ಐವತ್ತಕ್ಕೂ ಹೆಚ್ಚು ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ವೇಗದ ಮಿತಿ ಗಂಟೆಗೆ 30 ಕಿಲೋಮೀಟರ್. ಹೀಗಾಗಿ ಎಲ್ಲಾ ಸರಿಯಿದ್ದ ದಿನವೂ ಘಾಟಿಗೇ ಎರಡು ಗಂಟೆಗೆ ಮೇಲೆ ಬೇಕು. ಇಳಿಯುವ ಮೊದಲು ಸಕಲೇಶಪುರದಲ್ಲಿ ಬ್ರೇಕ್ ಪರೀಕ್ಷೆ ಆಗಬೇಕು. ಹತ್ತುವಾಗ ನೆಟ್ಟಣದಲ್ಲಿ ಹಿಂದಿನಿಂದ ದೂಡುವ ಬ್ಯಾಂಕರ್ ಎಂಜಿನ್ ಸೇರಿಸಬೇಕು. ಇದನ್ನೆಲ್ಲ ತಡ ಎಂದು ದೂರುವುದು ಸರಿಯಲ್ಲ, ಜೀವ ಉಳಿಸುವ ಕೆಲಸ ಅದು.

ನಿಜವಾದ ತಡ ಬೇರೆ ಕಡೆ ಹುಟ್ಟುತ್ತದೆ. ಚಿಕ್ಕಬಾಣಾವರ ದಾಟಿದ ಮೇಲೆ ಕುಣಿಗಲ್, ಶ್ರವಣಬೆಳಗೊಳ, ಹಾಸನ, ಘಾಟಿ ಎಲ್ಲಾ ಒಂಟಿ ಹಳಿ. ಗದ್ದೆಯ ಹುಣಿಯ (ಬದುವಿನ) ಮೇಲೆ ಎದುರುಬದುರಾದ ಇಬ್ಬರಲ್ಲಿ ಒಬ್ಬರು ಬದಿಗೆ ಸರಿಯಲೇಬೇಕಲ್ಲ, ಹಾಗೆ. ಘಾಟಿಯೊಳಗೆ ಸರಿದು ನಿಲ್ಲಲು ಜಾಗ ಇರುವುದು ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲುಗಳಂಥ ಕೆಲವೇ ಸ್ಟೇಷನ್ನುಗಳಲ್ಲಿ. ಪಣಂಬೂರು ಬಂದರಿನ ಕಡೆಯಿಂದ ಗೂಡ್ಸ್ ಹತ್ತುತ್ತಾ ಬರುತ್ತಿದ್ದರೆ ಅದು ಬರುವವರೆಗೆ ಇಳಿಯುವ ರೈಲು ಕಾಯಬೇಕು. ಸಂಜೆ ಒಂದು ರೈಲು ತಡವಾಯಿತೆಂದರೆ ಬೆಳಗಾಗುವುದರೊಳಗೆ ಅದರ ಪಾಲು ಎಲ್ಲಾ ರೈಲಿಗೂ ಹಂಚಿಕೆಯಾಗಿರುತ್ತದೆ.

ಈಗ ಹೋಲಿಕೆಗೆ ಬರುತ್ತೇನೆ. ರಾತ್ರಿ ರೈಲಿಗೆ ಎರಡು ಮುಖ. ಊರಿಗೆ ಹೋಗುವಾಗ ಅದರ ತಡ ನಮಗೆ ತಟ್ಟುವುದೇ ಇಲ್ಲ. ಸರಿಯಾದ ಹೊತ್ತಿಗೆ ಬಂದರೆ ಕಬಕ ಪುತ್ತೂರಿನಲ್ಲಿ ಇನ್ನೂ ಕತ್ತಲಿರುವಾಗಲೇ ಇಳಿಸುತ್ತದೆ. ಪೇಟೆಯಲ್ಲಿ ಹೋಟೆಲು ತೆರೆದಿರುವುದಿಲ್ಲ, ಒಳಗಿನ ಹಳ್ಳಿಗಳಿಗೆ ಮೊದಲ ಬಸ್ಸು ಹೊರಟಿರುವುದಿಲ್ಲ, ಆಟೋದವರು ಕೇಳಿದ್ದೇ ಬಾಡಿಗೆ. ಒಂದು ಗಂಟೆ ತಡವಾದರೆ ಬೆಳಕು ಹರಿದಿರುತ್ತದೆ, ಮನೆಯವರ ನಿದ್ದೆಯೂ ಕೆಡುವುದಿಲ್ಲ. ಮಂಗಳೂರು ಸೆಂಟ್ರಲ್‌ವರೆಗೆ ಹೋಗಿ ಹತ್ತು ಗಂಟೆಗೆ ಕೋರ್ಟಿನಲ್ಲೋ ಆಸ್ಪತ್ರೆಯಲ್ಲೋ ಇರಬೇಕಾದವರ ಮಾತು ಬೇರೆ. ನನ್ನಂತೆ ನಡುವೆ ಇಳಿಯುವವರಿಗೆ ಹೋಗುವ ದಿಕ್ಕಿನಲ್ಲಿ ರಾತ್ರಿ ರೈಲಿಗೆ ಸಾಟಿಯಿಲ್ಲ.

ವಾಪಸು ಬರುವಾಗ ಅದೇ ರೈಲು ಪರೀಕ್ಷೆ ಮಾಡುತ್ತದೆ. ಘಾಟಿ ಹತ್ತಿ ಹಾಸನ ದಾಟುವವರೆಗೆ ಸಮಯಕ್ಕೆ ಸರಿಯಾಗಿದ್ದರೂ ನಂಬುವ ಹಾಗಿಲ್ಲ. ಬೆಂಗಳೂರಿನ ಅಂಚಿಗೆ ಬಂದ ಮೇಲೆ ಯಶವಂತಪುರದ ಪ್ಲಾಟ್‌ಫಾರ್ಮ್ ಖಾಲಿಯಾಗಲಿ ಎಂದು ಹೊರಗೆ ನಿಲ್ಲಿಸುತ್ತಾರೆ. ಕಿಟಕಿಯಿಂದ ನೋಡಿದರೆ ನಗರ ಕಾಣುತ್ತಿರುತ್ತದೆ, ಇಳಿಯಲು ಆಗುವುದಿಲ್ಲ. ಸೋಮವಾರ ಬೆಳಿಗ್ಗೆ ಬೋಗಿಯ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತವರ ಮುಖ ನೋಡಿದರೆ ಸಂಕಟವಾಗುತ್ತದೆ. ಅರ್ಧ ದಿನದ ರಜೆ ಹೋಗುವ ಭಯ ಅದು. ಆದ್ದರಿಂದ ಸೋಮವಾರ ಕೆಲಸ ಇರುವವರಿಗೆ ನಾನು ವಾಪಸಿಗೆ ಬಸ್ಸನ್ನೇ ಹೇಳುತ್ತೇನೆ. ಬಸ್ಸು ತಡವಾದರೂ ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹಿಡಿಯಬಹುದು. ತಡದ ಕೊನೆಯ ತುಂಡನ್ನು ಕತ್ತರಿಸಿ ಹಾಕುವ ಈ ಅನುಕೂಲ ರೈಲಿನಲ್ಲಿಲ್ಲ.

ಉಡುಪಿ, ಕುಂದಾಪುರ, ಕಾರವಾರದವರಿಗೆ ಇದಕ್ಕೆ ಸೇರಿಸಿ ಒಂದು ಮಾತು. ಮೊದಲು ಕಾರವಾರದ ಬೋಗಿಗಳು ಕಣ್ಣೂರಿನ ರೈಲಿಗೆ ಅಂಟಿಕೊಂಡು ಮಂಗಳೂರು ಸೆಂಟ್ರಲ್‌ವರೆಗೆ ಹೋಗಿ, ಅಲ್ಲಿ ಬೇರ್ಪಟ್ಟು, ಎಂಜಿನ್ ತಿರುಗಿಸಿ, ಮತ್ತೆ ಉತ್ತರಕ್ಕೆ ಬರಬೇಕಿತ್ತು. 2020ರ ಮಾರ್ಚ್‌ನಲ್ಲಿ ಶುರುವಾದ, ಈಗ ಪಂಚಗಂಗಾ ಎಂದು ಕರೆಯುವ ರೈಲು ಮಂಗಳೂರಿನ ಎರಡೂ ಸ್ಟೇಷನ್ನುಗಳನ್ನು ಬಿಟ್ಟು ಊರಿನ ಅಂಚಿನ ಪಡೀಲಿನಿಂದಲೇ ನೇರ ಉತ್ತರಕ್ಕೆ ಹೊರಳುತ್ತದೆ. ಕರಾವಳಿಯ ಜನ ವರ್ಷಗಟ್ಟಲೆ ಕೇಳಿ ಪಡೆದ ರೈಲು ಅದು. ಅದರ ಟಿಕೆಟ್ ಸಿಕ್ಕರೆ ಬೇರೆ ಯಾವುದನ್ನೂ ಯೋಚಿಸಬೇಡಿ.

ಹಗಲು ರೈಲು ನನ್ನ ಮನಸ್ಸಿಗೆ ಹತ್ತಿರ, ಆದರೆ ನೆಚ್ಚಿಕೊಳ್ಳುವುದು ಕಷ್ಟ. ಬೆಳಿಗ್ಗೆ ಯಶವಂತಪುರದಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಘಾಟಿ ಇಳಿಯುತ್ತದೆ. 2021ರ ಜುಲೈಯಿಂದ ಗಾಜಿನ ಮಾಡಿನ ವಿಸ್ಟಾಡೋಮ್ ಬೋಗಿಗಳೂ ಇವೆ. ಅಮ್ಮನಿಗೆ ಮೊಣಕಾಲು ನೋವು, ಮೇಲಿನ ಬರ್ತು ಹತ್ತುವ ಹಾಗಿಲ್ಲ, ರಾತ್ರಿ ಬಸ್ಸಿನಲ್ಲಿ ಶೌಚಾಲಯ ಇಲ್ಲ. ಅವರನ್ನು ಕರೆದುಕೊಂಡು ಹೋಗಲು ಹಗಲು ರೈಲಿನಷ್ಟು ಹಿತವಾದದ್ದು ಬೇರೊಂದಿಲ್ಲ. ಮಳೆಗಾಲದಲ್ಲಿ ಗುಡ್ಡದ ಮೇಲಿನಿಂದ ಕಲ್ಲು ಬಿದ್ದರೂ, ಹಳಿ ಕಾಯುವವರು ಕೆಂಪು ಬಾವುಟ ಹಿಡಿದರೂ, ಹಗಲು ಏನಾಯಿತೆಂದು ಕಣ್ಣಿಗೆ ಕಾಣುತ್ತದೆ. ಸುರಿಯುವ ಮಳೆಯಲ್ಲಿ ಗೋಣಿಕೊಪ್ಪೆ ಹಾಕಿಕೊಂಡು, ಟಾರ್ಚು ಸುತ್ತಿಗೆ ಹೊತ್ತು ಸುರಂಗದಿಂದ ಸುರಂಗಕ್ಕೆ ನಡೆಯುವ ಆ ಗಸ್ತಿನವರನ್ನು ಒಮ್ಮೆ ನೋಡಿದವರು ಅರ್ಧ ಗಂಟೆಯ ತಡಕ್ಕೆ ಗೊಣಗಲಾರರು.

ತೊಂದರೆ ಏನೆಂದರೆ, ಏನೇ ಕೆಲಸ ಬಂದರೂ ಮೊದಲು ನಿಲ್ಲುವುದು ಹಗಲು ರೈಲೇ. ಘಾಟಿಯ ವಿದ್ಯುದೀಕರಣಕ್ಕೆಂದು 2025ರ ಜೂನ್ 1ರಿಂದ ಹಗಲಿನ ರೈಲುಗಳನ್ನು ನಿಲ್ಲಿಸಿದರು. ನವೆಂಬರ್ 1ರವರೆಗೆ ಎಂದು ಹೇಳಿದ್ದು ಡಿಸೆಂಬರ್‌ವರೆಗೂ ಎಳೆಯಿತು. ಕೆಲಸ ಬೇಕಾದದ್ದೇ. ಆದರೆ ಮುದುಕರು, ಮಕ್ಕಳು, ರೋಗಿಗಳು ನೆಚ್ಚಿಕೊಂಡ ರೈಲೂ ಅದೇ. ಸಾಲದ್ದಕ್ಕೆ ಎಲ್ಲಾ ದಿನ ಒಂದೇ ರೈಲು ಓಡುವುದಿಲ್ಲ, ಕೆಲವು ದಿನ ಮಂಗಳೂರು ಜಂಕ್ಷನ್‌ಗೆ, ಕೆಲವು ದಿನ ಕಾರವಾರಕ್ಕೆ. ದಿನ ನೋಡಿಯೇ ಟಿಕೆಟ್ ಮಾಡಿ.

ಇನ್ನು ಬಸ್ಸು. ಒಣ ತಿಂಗಳುಗಳಲ್ಲಿ ಶಿರಾಡಿಯ ಬಸ್ಸು ರೈಲಿಗಿಂತ ಬೇಗ ಮುಟ್ಟಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಶುಕ್ರವಾರ ಸಂಜೆ ನೆಲಮಂಗಲ ದಾಟಲು ಒಂದೂವರೆ ಗಂಟೆ ಹೋದರೂ ರಾತ್ರಿ ಅದನ್ನು ತುಂಬಿಕೊಳ್ಳುತ್ತದೆ. ಬಸ್ಸಿನ ತಡಕ್ಕೂ ರೈಲಿನ ತಡಕ್ಕೂ ಸ್ವಭಾವದಲ್ಲೇ ವ್ಯತ್ಯಾಸ ಇದೆ. ಬಸ್ಸಿನದು ಪದೇ ಪದೇ ಬರುವ ಸಣ್ಣ ತಡ: ಲಾರಿ ಕೆಟ್ಟು ನಿಂತಿತು, ದೋಣಿಗಾಲಿನ ಹತ್ತಿರ ಒಂದೇ ಬದಿಯಲ್ಲಿ ಬಿಡುತ್ತಿದ್ದಾರೆ, ಗುಂಡ್ಯದಲ್ಲಿ ಮರ ಬಿತ್ತು. ರೈಲು ದಾರಿ ನಿಲ್ಲುವುದು ಅಪರೂಪ, ನಿಂತರೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ. ಬಸ್ಸಿನ ಡ್ರೈವರಣ್ಣನಿಗೆ ಎದುರಿನಿಂದ ಬಂದ ಲಾರಿಯವನು ಹೇಳಿದರೆ ಸಾಕು, ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಕ್ಕೆ ತಿರುಗಿಸಿ ಚಾರ್ಮಾಡಿ ಘಾಟಿ ಇಳಿಯುತ್ತಾನೆ. ಅದಕ್ಕೇ ಮಳೆಗಾಲಕ್ಕೆ ನಾನು ಹತ್ತುವುದು ಸಾದಾ ಕೆಂಪು ಬಸ್ಸು. ಉದ್ದದ ಮಲ್ಟಿ ಆಕ್ಸಲ್ ಬಸ್ಸಿನಲ್ಲಿ ಸೀಟು ಮೆತ್ತಗಿದ್ದರೂ ಚಾರ್ಮಾಡಿಯ ತಿರುವುಗಳಿಗೆ ಅದು ಹೇಳಿ ಮಾಡಿಸಿದ್ದಲ್ಲ, ಶಿರಾಡಿ ಮುಚ್ಚಿದರೆ ಅದಕ್ಕೆ ಹೋಗಲು ದಾರಿಯೇ ಉಳಿಯುವುದಿಲ್ಲ.

ಮಡಿಕೇರಿಯ ಸುತ್ತು ಬಳಸುವುದು ಸುಳ್ಯದ ಕಡೆಯವರಿಗೆ ಸರಿ. ಪುತ್ತೂರಿಗೆ ಅದು ದೂರ, ಹೊಟ್ಟೆ ತೊಳಸುವ ತಿರುವು ಬೇರೆ. ವಿಮಾನದ ಮಾತು ಸೇರಿಸುವುದಿಲ್ಲ. ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಮೋಡ ಕವಿದರೆ ಅದೂ ಇಳಿಯದೆ ತಿರುಗಿ ಹೋಗುತ್ತದೆ, ಇಳಿದ ಮೇಲೂ ಪುತ್ತೂರಿಗೆ ಬೇರೆ ಗಾಡಿ ಬೇಕು.

ಹೆಚ್ಚುಕಡಿಮೆ ಎಲ್ಲಾ ದಾರಿಗಳೂ ಒಟ್ಟಿಗೆ ಕೈಕೊಟ್ಟ ತಿಂಗಳೆಂದರೆ 2018ರ ಆಗಸ್ಟ್. ಶಿರಾಡಿಯನ್ನು ಕಾಂಕ್ರೀಟ್ ಕೆಲಸಕ್ಕೆಂದು ಆ ವರ್ಷದ ಮೊದಲರ್ಧ ಮುಚ್ಚಿ, ಜುಲೈ ನಡುವಿನಲ್ಲಿ ತೆರೆದಿದ್ದರು. ತಿಂಗಳಾಗುವಷ್ಟರಲ್ಲಿ ಗುಡ್ಡ ಜಾರಿತು. ರೈಲು ಘಾಟಿಯಲ್ಲಿ ಒಂದೆರಡು ಕಡೆ ಅಲ್ಲ, ಹತ್ತಾರು ಕಡೆ ಮಣ್ಣು ಹಳಿಯ ಮೇಲೆ ಬಂತು. ಜೋಡುಪಾಲ, ಮದೆನಾಡಿನ ಕಡೆ ಭೂಮಿಯೇ ಬಾಯ್ಬಿಟ್ಟು ಸಂಪಾಜೆ ರಸ್ತೆ ಹೋಯಿತು. ಉಳಿದದ್ದು ಚಾರ್ಮಾಡಿ ಒಂದೇ. ಮರುವರ್ಷ ಆಗಸ್ಟಿನಲ್ಲಿ ಆ ಚಾರ್ಮಾಡಿಯೂ ಕುಸಿಯಿತು.

2024ರಲ್ಲಿ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಹೋಯಿತು. ನೂರಾರು ಜನ ಮಳೆಯಲ್ಲೇ ಕಲ್ಲು ತುಂಬಿದ ತಂತಿ ಬಲೆಯ ಪೆಟ್ಟಿಗೆ ಜೋಡಿಸಿ ಕಟ್ಟಿದ ಮೇಲೆ ಆಗಸ್ಟ್ ಎರಡನೇ ವಾರಕ್ಕೆ ಪ್ರಯಾಣಿಕರ ರೈಲು ಓಡಿತು. ಎರಡೇ ದಿನಕ್ಕೆ ಬಾಳ್ಳುಪೇಟೆ–ಸಕಲೇಶಪುರದ ನಡುವೆ ಮತ್ತೆ ಕುಸಿತ. ಅಲ್ಲಿಗೆ ನನಗೆ ಒಂದು ಖಚಿತವಾಯಿತು: ದಾರಿ ತೆರೆಯಿತು ಎಂಬ ಸುದ್ದಿ ಬಂದ ಮೊದಲ ವಾರ ರೈಲು ಟಿಕೆಟ್ ಮಾಡಬಾರದು. ಒದ್ದೆ ಗುಡ್ಡ ಒಣಗಲು ಅದಕ್ಕೂ ಸಮಯ ಬೇಕು.

ಇಂಥ ದಿನಗಳಲ್ಲಿ ಕೆಲವು ರೈಲುಗಳನ್ನು ರದ್ದು ಮಾಡದೆ ಶೊರನೂರು, ಪಾಲಕ್ಕಾಡ್, ಸೇಲಂ, ಜೋಲಾರ್‌ಪೇಟೆ ಸುತ್ತಿಸಿ ಬಿಡುತ್ತಾರೆ. ಮಂಗಳೂರಿನವರಿಗೆ ತಡವಾದರೂ ಮನೆ ಸೇರುವ ದಾರಿ ಅದು. ಪುತ್ತೂರು, ಬಂಟ್ವಾಳ, ನೆಟ್ಟಣ, ಸಕಲೇಶಪುರ, ಹಾಸನದವರಿಗೆ ಅದರಿಂದ ಏನೂ ಉಪಯೋಗವಿಲ್ಲ, ನಮ್ಮ ಸ್ಟೇಷನ್ನಿಗೆ ಅದು ಬರುವುದೇ ಇಲ್ಲ. ಮೊಬೈಲಿನಲ್ಲಿ ರೈಲು ಓಡುತ್ತಿದೆ ಎಂದು ತೋರಿಸುತ್ತದೆ, ದಾರಿ ಬೇರೆಯಾಗಿರುತ್ತದೆ. ಹೆಸರು ನೋಡಿ ಸಮಾಧಾನ ಪಡಬೇಡಿ, ನಿಮ್ಮ ಸ್ಟೇಷನ್ ಪಟ್ಟಿಯಲ್ಲಿ ಇದೆಯೇ ನೋಡಿ, ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ಕೇಳಿ.

ಹಣದ ವಿಷಯದಲ್ಲಿ ರೈಲು ಮುಂದಿದೆ. ರೈಲು ಪೂರ್ತಿ ರದ್ದಾದರೆ ಇ-ಟಿಕೆಟ್ಟಿನ ದುಡ್ಡು ತಾನಾಗಿ ಖಾತೆಗೆ ಬರುತ್ತದೆ, ಕೌಂಟರ್ ಟಿಕೆಟ್ಟಾದರೆ ಕೌಂಟರಿಗೇ ಹೋಗಬೇಕು. ಮೂರು ಗಂಟೆಗಿಂತ ಹೆಚ್ಚು ತಡವಾಗಿ ಹೊರಡುವುದಾದರೆ ಪ್ರಯಾಣ ಬಿಟ್ಟು ಪೂರ್ತಿ ಹಣ ಕೇಳಬಹುದು. ಆದರೆ ಹಣ ವಾಪಸು ಕೇಳುವ ಟಿಡಿಆರ್ ಅರ್ಜಿಯನ್ನು ರೈಲು ನಾವು ಹತ್ತುವ ಸ್ಟೇಷನ್ ಬಿಡುವ ಮೊದಲೇ ಹಾಕಬೇಕು. ಲೆಕ್ಕಕ್ಕೆ ಬರುವುದು ಹತ್ತುವ ಸ್ಟೇಷನ್ನಿನ ತಡ. ಹೊತ್ತಿಗೆ ಸರಿಯಾಗಿ ಹೊರಟು ಘಾಟಿಯಲ್ಲಿ ಐದು ಗಂಟೆ ನಿಂತರೆ ಏನೂ ಸಿಗುವುದಿಲ್ಲ.

ಹೀಗಾಗಿ ಈಗ ನನ್ನ ಕ್ರಮ ಇದು. ನವೆಂಬರಿನಿಂದ ಮೇವರೆಗೆ ಹೋಗಲು ರಾತ್ರಿ ರೈಲು, ಬರಲು ಬಸ್ಸು. ಅಮ್ಮ ಜೊತೆಗಿದ್ದರೆ ಎರಡೂ ಕಡೆಗೆ ಹಗಲು ರೈಲು, ಒಂದು ದಿನ ಹೆಚ್ಚು ರಜೆ ಹಾಕಿ. ಜೂನ್ ಮತ್ತು ಸೆಪ್ಟೆಂಬರ್‌ನಲ್ಲಿ ರೈಲು ಟಿಕೆಟ್ ಇಟ್ಟುಕೊಂಡು ಹೊರಡುವ ಸಂಜೆ ಸಕಲೇಶಪುರದ ಮಳೆಯ ಸುದ್ದಿ ಕೇಳುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಹಗಲು ಹೊತ್ತಿನ ಕೆಂಪು ಬಸ್ಸು, ಬೇರೆ ಮಾತಿಲ್ಲ. ಕತ್ತಲೆಯಲ್ಲಿ ಯಾವ ಘಾಟಿಯನ್ನೂ ಆ ಎರಡು ತಿಂಗಳು ನಾನು ಇಳಿಯುವುದಿಲ್ಲ.

ರೈಲಿನವರಲ್ಲಿ ನನ್ನ ಬೇಡಿಕೆ ಒಂದೇ. ಘಾಟಿಯಲ್ಲಿ ತೊಂದರೆ ಇದೆ ಎಂದು ಗೊತ್ತಾದ ಕೂಡಲೇ ಹಾಸನದಲ್ಲೇ ಮೈಕಿನಲ್ಲಿ ಕನ್ನಡದಲ್ಲಿ ಹೇಳಲಿ. ಅಲ್ಲಿ ಸ್ಟೇಷನ್ನಿನಿಂದ ಬಸ್ ಸ್ಟ್ಯಾಂಡಿಗೆ ಆಟೋ ಸಿಗುತ್ತದೆ, ಊಟ ಸಿಗುತ್ತದೆ, ಚಾರ್ಮಾಡಿಗೂ ಶಿರಾಡಿಗೂ ಮಡಿಕೇರಿಗೂ ಬಸ್ಸಿದೆ. ಹತ್ತುವ ದಿಕ್ಕಿನಲ್ಲಿ ಆ ಜಾಗ ನೆಟ್ಟಣ, ಅಲ್ಲಿಂದ ಗುಂಡ್ಯದ ಹೆದ್ದಾರಿ ಹತ್ತಿರ. ಈ ಎರಡು ಸ್ಟೇಷನ್ ದಾಟಿದ ಮೇಲೆ ಪ್ರಯಾಣಿಕನ ಕೈಯಲ್ಲಿ ಏನೂ ಉಳಿಯುವುದಿಲ್ಲ. ನೀವೂ ಮಳೆಗಾಲದಲ್ಲಿ ಹಾಸನದ ಹೊತ್ತಿಗೆ ಅಲಾರಂ ಇಟ್ಟು ಎದ್ದು, ಗಾರ್ಡ್‌ನನ್ನೋ ಟಿಟಿಯನ್ನೋ ಕೇಳಿ ಆಮೇಲೆ ಮಲಗಿ.