ಫ್ಲೆಕ್ಸ್ ಮೇಲಿನ ಸಂಖ್ಯೆ ನಂಬಿ ಪಿಯು ಕಾಲೇಜು ಆರಿಸಬೇಡಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವ ಹೊತ್ತಿಗೆ ನಮ್ಮೂರ ಬಸ್ ನಿಲ್ದಾಣದ ಸುತ್ತ ಪಿಯು ಕಾಲೇಜುಗಳ ಫ್ಲೆಕ್ಸ್‌ಗಳು ಎದ್ದು ನಿಲ್ಲುತ್ತವೆ. 2022ರಲ್ಲಿ ಅಂಥದ್ದೊಂದನ್ನು ನೋಡಿಯೇ ಮಗಳನ್ನು ಆರು ಗಂಟೆ ಪ್ರಯಾಣದ ದೂರದಲ್ಲಿರುವ ವಸತಿ ಕಾಲೇಜಿಗೆ ಸೇರಿಸಿದೆವು. ಕಾಲೇಜಿನ ಹೆಸರು ಬರೆಯುವುದಿಲ್ಲ.

‘ನೀಟ್‌ನಲ್ಲಿ 300ಕ್ಕೂ ಹೆಚ್ಚು ಮಂದಿ ಅರ್ಹ’ ಎಂದು ಅದರಲ್ಲಿತ್ತು. ನಾನು ಅದನ್ನು 300 ಮಂದಿಗೆ ವೈದ್ಯಕೀಯ ಸೀಟು ಸಿಕ್ಕಿದೆ ಎಂದು ಓದಿಕೊಂಡೆ. ಮೋಸ ಹೋದದ್ದು ಅಲ್ಲೇ.

ಅರ್ಹತೆ ಬೇರೆ, ಸೀಟು ಬೇರೆ. 2024ರಲ್ಲಿ ನೀಟ್ ಬರೆದ 23 ಲಕ್ಷ ಮಂದಿಯಲ್ಲಿ 13 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟುಗಳು ಖಾಸಗಿಯವೂ ಸೇರಿ ಸುಮಾರು 1.1 ಲಕ್ಷ. ಸಾಮಾನ್ಯ ವರ್ಗದಲ್ಲಿ 720ಕ್ಕೆ 160ರ ಆಸುಪಾಸು ಅಂಕ ಬಂದವರೂ ‘ಅರ್ಹ’ರೇ. ಐಐಟಿ ಫ್ಲೆಕ್ಸ್‌ಗಳ ಕತೆಯೂ ಹೀಗೆಯೇ: ಆ ವರ್ಷ ಜೆಇಇ ಅಡ್ವಾನ್ಸ್ಡ್‌ನಲ್ಲಿ ಅರ್ಹರಾದವರು 48 ಸಾವಿರ, 23 ಐಐಟಿಗಳಲ್ಲಿದ್ದ ಸೀಟು 17,740.

ಕಾಲೇಜಿನಲ್ಲಿ ವಿಜ್ಞಾನಕ್ಕೆ ಏಳು ವಿಭಾಗಗಳಿದ್ದವು. ಸೇರಿದ ತಿಂಗಳಲ್ಲೇ ಪರೀಕ್ಷೆ ಇಟ್ಟು, ಮುಂದಿದ್ದ ಮಕ್ಕಳನ್ನು ‘ವಿಶೇಷ ಬ್ಯಾಚ್’ ಎಂದು ಬೇರೆ ಕೂರಿಸಿದರು. ನುರಿತ ಉಪನ್ಯಾಸಕರೆಲ್ಲ ಆ ಕೊಠಡಿಗೇ ಹೋದರು. ನನ್ನ ಮಗಳ ವಿಭಾಗದಲ್ಲಿ ಒಂದೇ ವರ್ಷದಲ್ಲಿ ಭೌತಶಾಸ್ತ್ರಕ್ಕೆ ಮೂವರು ಬದಲಾದರು. ಶುಲ್ಕದಲ್ಲಿ ಮಾತ್ರ ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ. ಪೋಷಕರ ಸಭೆಯಲ್ಲಿ ಪಟ್ಟುಹಿಡಿದು ಕೇಳಿದ ಮೇಲೆ ಇನ್ನೊಂದು ವಿಷಯ ಹೊರಬಿತ್ತು. ಆ 300ರಲ್ಲಿ ಪಿಯು ಮುಗಿಸಿ ಮತ್ತೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಪಡೆದವರೂ ಇದ್ದರು, ಅದೇ ಸಂಸ್ಥೆಯ ಬೇರೆ ಊರುಗಳ ಶಾಖೆಯವರೂ ಇದ್ದರು.

ಮಗಳಿಗೆ ಬಂದದ್ದು 318. ನಮ್ಮ ಕೈಗೆಟುಕುವ ಯಾವ ಸೀಟೂ ಸಿಗಲಿಲ್ಲ. ‘ನನ್ನಿಂದ ಆಗಲಿಲ್ಲ ಅಪ್ಪ’ ಎಂದು ಅವಳು ತಿಂಗಳುಗಟ್ಟಲೆ ಮಂಕಾಗಿದ್ದಳು. ಆದರೆ ಆ ವರ್ಷದ ಫ್ಲೆಕ್ಸ್‌ನ ‘ಅರ್ಹ’ರ ಲೆಕ್ಕದಲ್ಲಿ ಅವಳೂ ಒಬ್ಬಳು. ಅದನ್ನು ಕಂಡಾಗ ಆದ ಸಂಕಟ ಇನ್ನೂ ಹೋಗಿಲ್ಲ.

ಈಗ ಮಕ್ಕಳನ್ನು ಸೇರಿಸಲು ಓಡಾಡುತ್ತಿರುವವರು ದಯವಿಟ್ಟು ಇಷ್ಟು ಕೇಳಿ: ಈ ಕ್ಯಾಂಪಸ್‌ನಿಂದ, ದ್ವಿತೀಯ ಪಿಯು ಓದುತ್ತಲೇ ನೀಟ್ ಬರೆದವರು ಎಷ್ಟು ಮಂದಿ? ಅವರಲ್ಲಿ ಸರ್ಕಾರಿ ಸೀಟಿಗೆ ಸೇರಿದವರು ಎಷ್ಟು? ಉತ್ತರವನ್ನು ಬರಹದಲ್ಲಿ ಪಡೆಯಿರಿ. ಕೋಚಿಂಗ್ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆಯ್ಕೆಯಾದ ವಿದ್ಯಾರ್ಥಿ ಯಾವ ಕೋರ್ಸ್ ಪಡೆದಿದ್ದ ಎಂಬುದನ್ನು ಜಾಹೀರಾತಿನಲ್ಲೇ ತಿಳಿಸಬೇಕು, ಅವನ ಲಿಖಿತ ಒಪ್ಪಿಗೆಯಿಲ್ಲದೆ ಫೋಟೊ ಬಳಸಬಾರದು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಇನ್ನೊಂದು ಮಾತು. ರಿಯಾಯಿತಿಯ ಆಸೆಗೆ ಎರಡು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಬೇಡಿ. ನಾವು ಕಟ್ಟಿದ್ದೆವು. ಮೊದಲ ವರ್ಷದ ಕೊನೆಗೆ ಬಿಡಿಸಿಕೊಂಡು ಬರಲು ಹೋದಾಗ ಹಣ ಹಿಂದಿರುಗಿಸುವುದಿಲ್ಲ ಎಂದರು. ಮಗಳು ಅಲ್ಲೇ ಉಳಿಯಬೇಕಾಯಿತು.